ಹೃದಯ ಒಂದೇ, ಫೈಲು ಹತ್ತು!

ಹಾಸನ: 2025ರ ಜೂನ್-ಜುಲೈ ತಿಂಗಳ ಗಾಬರಿಯನ್ನು ಜಿಲ್ಲೆಯ ಜನ ಅಷ್ಟು ಬೇಗ ಮರೆಯಲಾರರು. ಬೆಳಗಾದರೆ ಒಂದು ಸುದ್ದಿ. ಅಲ್ಲೊಬ್ಬ ಕುಸಿದು ಬಿದ್ದನಂತೆ, ಇಲ್ಲೊಬ್ಬಳು ಮಲಗಿದಲ್ಲೇ ಹೋದಳಂತೆ. ಎದೆ ಹಿಡಿದುಕೊಂಡವರಿಗೆಲ್ಲ ಹೃದಯಾಘಾತದ ಭಯ. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜಾತ್ರೆಯಂತೆ ಜನ. ನೋವಿದ್ದವರೂ ಬಂದರು, ಇಲ್ಲದವರೂ ಬಂದರು.

ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. 20 ಹೃದಯಕ್ಕೆ ಸಂಬಂಧಿಸಿದವು, 4 ಬೇರೆ ಕಾರಣದವು ಎಂದಿತು. ಹಿಂದಿಗಿಂತ ಅಸಹಜವಾದ ಏರಿಕೆ ಏನೂ ಕಾಣುತ್ತಿಲ್ಲ ಎಂದೂ ಹೇಳಿತು. ಜನ ನಿಟ್ಟುಸಿರು ಬಿಟ್ಟರು, ಸಾಲು ಕರಗಿತು, ಪತ್ರಿಕೆಗಳು ಬೇರೆ ಸುದ್ದಿಗೆ ಹೊರಳಿದವು.

ಆದರೆ ಒಂದು ಪ್ರಶ್ನೆ ಅಲ್ಲೇ ಉಳಿದುಬಿಟ್ಟಿತು. ಸತ್ತವರಲ್ಲಿ ಎಷ್ಟು ಮಂದಿ ಅದಕ್ಕೆ ಮುಂಚೆ ಯಾವುದೋ ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆಸಿದ್ದರು? ಎಷ್ಟು ಮಂದಿಯ ಎಕೋ ಆಗಿತ್ತು? ಅದರಲ್ಲಿ ಏನು ಕಂಡಿತ್ತು? ಇವೆಲ್ಲ ಒಂದೇ ಕಡೆ ಸಿಗುವಂತಿದ್ದರೆ ಉತ್ತರಕ್ಕೆ ಸಮಿತಿ ಏಕೆ, ಒಬ್ಬ ಗುಮಾಸ್ತ ಸಾಕಾಗುತ್ತಿದ್ದ. ಅದು ಸಿಗುವುದಿಲ್ಲ. ಏಕೆ ಸಿಗುವುದಿಲ್ಲ ಎಂಬುದೇ ಇವತ್ತಿನ ವಿಚಾರ.

ಬಟ್ಟೆ ಅಂಗಡಿ ಕವರಿನಲ್ಲಿ ಹೃದಯ

ಯಾವ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಾದರೂ ಸರಿ, ಅರ್ಧ ಗಂಟೆ ನಿಂತರೆ ಇಂಥ ಮಾತು ಕಿವಿಗೆ ಬೀಳುತ್ತದೆ:

“ಹೋದ ವರ್ಷ ಎಕೋ ಮಾಡ್ಸಿದ್ದೆ ಸಾ.”

“ರಿಪೋರ್ಟ್ ಎಲ್ಲಿ ಯಜಮಾನ್ರೇ?”

“ಮನೇಲೈತೆ ಸಾ. ಮಗ ಬೀರುವಿನಾಗೆ ಇಟ್ಟವ್ನೆ.”

“ಮಗ ಎಲ್ಲಿ?”

“ಬೆಂಗ್ಳೂರಲ್ಲಿ ಅವ್ನೆ. ಬೀಗದ ಕೈಯೂ ಅವನ ತಾವೇ ಐತೆ.”

“ಹಾಗಾದ್ರೆ ಇನ್ನೊಂದ್ಸಲ ಮಾಡಿಸ್ಬಿಡಿ.”

ಹೀಗೆ ಒಂದೇ ಪರೀಕ್ಷೆ ಎರಡು ಸಲ, ಮೂರು ಸಲ. ಕಾಸು ಹೋಯಿತು ಅನ್ನುವುದು ಸಣ್ಣ ನಷ್ಟ. ಹಳೆಯದು ಕಾಣದಿದ್ದರೆ ಹೊಸದರ ಅರ್ಥವೇ ಅರ್ಧ ಆಗುತ್ತದೆ ಅನ್ನುವುದು ದೊಡ್ಡ ನಷ್ಟ.

ಎಕೋ ಪರೀಕ್ಷೆಯಲ್ಲಿ ಮುಖ್ಯವಾದ ಒಂದು ಅಂಕಿ ಇದೆ. ಹೃದಯದ ಎಡ ಕೆಳಕೋಣೆ ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲನ್ನು ಹೊರದಬ್ಬುತ್ತದೆ ಎಂಬ ಲೆಕ್ಕ ಅದು. ಡಾಕ್ಟರುಗಳು ಇ.ಎಫ್. ಅನ್ನುತ್ತಾರೆ. 55ರ ಮೇಲಿದ್ದರೆ ಚಿಂತೆಯಿಲ್ಲ. ಇವತ್ತು 40 ಬಂತು ಅನ್ನಿ. ಹೋದ ವರ್ಷವೂ 40 ಇದ್ದರೆ ಔಷಧಿ ಹಿಡಿದು ನಿಲ್ಲಿಸಿದೆ ಎಂದರ್ಥ. ಹೋದ ವರ್ಷ 60 ಇತ್ತು ಎಂದರೆ ಮನೆಗೆ ಬೆಂಕಿ ಬಿದ್ದಿದೆ ಎಂದರ್ಥ. ಅಂಕಿ ಅದೇ, ಚಿಕಿತ್ಸೆ ಬೇರೆ. ಎರಡನ್ನೂ ಬೇರೆ ಮಾಡುವ ಕಾಗದ ಮಾತ್ರ ಬೀರುವಿನಲ್ಲಿ!

ಇ.ಸಿ.ಜಿ.ಯದೂ ಇದೇ ಪಾಡು. ಹೃದಯದೊಳಗಿನ ವಿದ್ಯುತ್ತಿನ ಹಾದಿಯ ಎಡ ಕವಲು ಕಟ್ಟಿಕೊಂಡರೆ ಇ.ಸಿ.ಜಿ.ಯ ಗೆರೆಗಳೇ ವಿಕಾರವಾಗುತ್ತವೆ. ಕೆಲವರಿಗೆ ಇದು ಹತ್ತು ವರ್ಷದಿಂದ ಇರುತ್ತದೆ, ಎತ್ತು ಹೂಡಿಕೊಂಡು ಆರಾಮಾಗಿಯೇ ಇರುತ್ತಾರೆ. ಅದೇ ಗೆರೆ ಎದೆನೋವಿನ ಜೊತೆ ಹೊಸದಾಗಿ ಬಂದಿದ್ದರೆ ಲೆಕ್ಕಾಚಾರವೇ ಬೇರೆ. ರಾತ್ರಿ 2 ಗಂಟೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರೇ ಇರುವ ಡ್ಯೂಟಿ ಡಾಕ್ಟರಿಗೆ ಇದು ಹಳೆಯದೋ ಹೊಸದೋ ತಿಳಿಯುವುದು ಹೇಗೆ? ರಕ್ತದ ಗೆಡ್ಡೆ ಕರಗಿಸುವ ಇಂಜೆಕ್ಷನ್ ಕೊಟ್ಟರೆ ಮಿದುಳಲ್ಲಿ ರಕ್ತಸ್ರಾವ ಆಗುವ ಅಪಾಯ ಉಂಟು. ಕೊಡದೆ ಬಿಟ್ಟರೆ ಹೃದಯದ ಮಾಂಸ ಸಾಯುತ್ತಾ ಹೋಗುತ್ತದೆ. ಆ ಹೊತ್ತಿನಲ್ಲಿ ಹಳೆಯ ಇ.ಸಿ.ಜಿ.ಯ ತುಂಡಿಗೆ ಇರುವ ಬೆಲೆ ಚಿನ್ನಕ್ಕೂ ಇಲ್ಲ.

ಲ್ಯಾಮಿನೇಶನ್ ಎಂಬ ಶತ್ರು

ಕಾಗದ ಜೋಪಾನ ಮಾಡಿದರಾಯಿತು ಅನ್ನಬೇಡಿ. ಇ.ಸಿ.ಜಿ. ಮೂಡುವುದು ಸಾಮಾನ್ಯವಾಗಿ ಶಾಖಕ್ಕೆ ಕಪ್ಪಾಗುವ ಕಾಗದದ ಮೇಲೆ. ಬಸ್ ಟಿಕೆಟ್ ಬರುತ್ತದಲ್ಲ, ಅದೇ ಜಾತಿ. ಬಿಸಿಲಿಗೆ ಬಿಟ್ಟರೆ ಮಾಸುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿ ಬಹಳ ಕಾಲ ಇಟ್ಟರೂ ಮಾಸುತ್ತದೆ. ಭದ್ರವಾಗಿರಲಿ ಅಂತ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಲು ಕೊಟ್ಟರೆ ಯಂತ್ರದ ಶಾಖಕ್ಕೆ ಕಾಗದ ಪೂರ್ತಿ ಕರ್ರಗಾಗಿ ಹೊರಬರುತ್ತದೆ. ಜೋಪಾನ ಮಾಡಲು ಹೋದವನ ಕೈಗೆ ಇದ್ದಿಲು!

ಆಂಜಿಯೋಗ್ರಾಮ್ ಆದವರಿಗೆ ಒಂದು ಸಿ.ಡಿ. ಕೊಡುತ್ತಾರೆ. ಅದನ್ನು ಹಾಕಿ ನೋಡುವ ಜಾಗ ಈಗಿನ ಕಂಪ್ಯೂಟರುಗಳಲ್ಲಿ ಇರುವುದೇ ಅಪರೂಪ. ಸಿ.ಡಿ. ಗೋಡೆಯ ಮೊಳೆಗೆ ಅಲಂಕಾರವಾಗಿ ತೂಗುತ್ತದೆ, ಇಲ್ಲವೇ ಹೊಲದಲ್ಲಿ ಹಕ್ಕಿ ಓಡಿಸುತ್ತದೆ.

ಯಂತ್ರಗಳಿಗೆ ಮಾತು ಬಾರದು

ಇದೆಲ್ಲ ರೋಗಿಯ ತಲೆಗೆ ಏಕೆ ಬಂತು? ಆಸ್ಪತ್ರೆಯಲ್ಲಿ ಕಂಪ್ಯೂಟರುಗಳಿಲ್ಲವೇ? ಇವೆ, ಬೇಕಾದಷ್ಟಿವೆ. ಒಂದಕ್ಕೊಂದು ಮಾತಾಡುವುದಿಲ್ಲ, ಅಷ್ಟೇ.

ಚೀಟಿ ಬರೆಯುವಲ್ಲಿ ಒಂದು ಕಂಪ್ಯೂಟರು. ಇ.ಸಿ.ಜಿ. ಯಂತ್ರದಲ್ಲಿ ಒಂದು, ಎಕೋ ಯಂತ್ರದಲ್ಲಿ ಒಂದು. ಕ್ಯಾತ್‌ಲ್ಯಾಬಿಗೆ ಹೋದರೆ ಎಕ್ಸ್‌ರೇ ಚಿತ್ರ ತೆಗೆಯುವುದು ಒಂದು, ರಕ್ತದ ಒತ್ತಡ ಬರೆದುಕೊಳ್ಳುವುದು ಇನ್ನೊಂದು. ಪ್ರಯೋಗಾಲಯದ್ದು ಬೇರೆ, ಔಷಧಿ ಉಗ್ರಾಣದ್ದು ಬೇರೆ, ವಿಮೆ ಕಡತದ್ದು ಮತ್ತೂ ಬೇರೆ. ಒಂದೊಂದರಲ್ಲೂ ರೋಗಿಯ ಹೆಸರನ್ನು ಹೊಸದಾಗಿ ಕುಟ್ಟಬೇಕು. ರಂಗಸ್ವಾಮಿ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ಕೊನೆಗೆ ‘ವೈ’ ಹಾಕುತ್ತಾರೆ, ಇನ್ನೊಬ್ಬರು ‘ಐ’ ಹಾಕುತ್ತಾರೆ. ಒಂದು ಕಡೆ ಇನಿಷಿಯಲ್ಲು ಮುಂದೆ, ಇನ್ನೊಂದು ಕಡೆ ಹಿಂದೆ. ವಯಸ್ಸು ಕೇಳಿದರೆ “ಐವತ್ತೋ ಐವತ್ತೈದೋ ಹಾಕ್ಕಳಿ ಸಾ” ಎಂಬ ಉತ್ತರ. ಸಂಜೆಯ ಹೊತ್ತಿಗೆ ಒಬ್ಬ ರಂಗಸ್ವಾಮಿ ನಾಲ್ಕು ಜನರಾಗಿರುತ್ತಾನೆ. ನಾಲ್ವರೂ ಒಬ್ಬನೇ ಎಂದು ಕಂಪ್ಯೂಟರಿಗೆ ಹೇಳುವವರು ಯಾರು?

ಇದಕ್ಕಿಂತ ಕೆಟ್ಟದ್ದು ಎಂದರೆ ಇಬ್ಬರು ಮಂಜೇಗೌಡರು ಒಬ್ಬರಾಗಿಬಿಡುವುದು. ಒಬ್ಬರ ಎಕೋ ಇನ್ನೊಬ್ಬರ ಫೈಲಿಗೆ ಸೇರಿದರೆ ಅನಾಹುತಕ್ಕೆ ಹೆಚ್ಚು ಹೊತ್ತು ಬೇಡ.

ಎಕೋ ಯಂತ್ರ ತಾನೇ ಅಳತೆ ಹಾಕಿ ತೋರಿಸುತ್ತದೆ. ಅದನ್ನು ನೋಡಿಕೊಂಡು ಪಕ್ಕದ ಕಂಪ್ಯೂಟರಿನಲ್ಲಿ ಮತ್ತೆ ಬೆರಳಚ್ಚು ಮಾಡುತ್ತಾರೆ. 35 ಇದ್ದದ್ದು 53 ಆಗಲು ಎರಡು ಬೆರಳು ಅದಲು ಬದಲಾದರೆ ಸಾಕು. ಪ್ರಯೋಗಾಲಯದಲ್ಲಿ ಮೂತ್ರಪಿಂಡ ಸೋತಿದೆ ಎಂಬ ವರದಿ ಸಿದ್ಧವಾಗಿರುತ್ತದೆ. ಅದು ಕ್ಯಾತ್‌ಲ್ಯಾಬಿನ ಪರದೆಗೆ ತಲುಪದಿದ್ದರೆ ಆಂಜಿಯೋಗ್ರಾಮಿಗೆ ಹಾಕುವ ಬಣ್ಣದ ದ್ರವ ಆ ಮೂತ್ರಪಿಂಡಕ್ಕೆ ಇನ್ನಷ್ಟು ಪೆಟ್ಟು ಕೊಡಬಹುದು.

ಗಡಿಯಾರದ ಕಥೆಯೂ ಕೇಳಿ. ಎದೆನೋವಿನವರು ಬಂದ 10 ನಿಮಿಷದೊಳಗೆ ಇ.ಸಿ.ಜಿ. ಆಗಬೇಕು, ಕ್ಯಾತ್‌ಲ್ಯಾಬ್ ಇರುವ ಆಸ್ಪತ್ರೆಯಾದರೆ ಬಾಗಿಲಿಗೆ ಬಂದ 90 ನಿಮಿಷದೊಳಗೆ ಕಟ್ಟಿದ ನಾಳ ಬಿಡಿಸಬೇಕು ಎಂಬುದು ಹೃದ್ರೋಗ ತಜ್ಞರು ಒಪ್ಪಿಕೊಂಡ ಗುರಿ. ಆದರೆ ಒಂದೊಂದು ಯಂತ್ರದ ಗಡಿಯಾರ ಒಂದೊಂದು ಹೊತ್ತು ತೋರಿಸಿದರೆ ಲೆಕ್ಕ ಹೇಗೆ? ಕಾಗದದ ಪ್ರಕಾರ ಇ.ಸಿ.ಜಿ. ತೆಗೆಯುವ ಮುಂಚೆಯೇ ನಾಳ ಬಿಡಿಸಿ ಆಗಿರುತ್ತದೆ! ತಡ ಎಲ್ಲಿ ಆಯಿತು ಎಂದು ಹುಡುಕಲು ಹೊರಟವನು ಬೆಪ್ಪಾಗಿ ಕೂರಬೇಕು.

ಟಾಕೀಸಿನ ರೀಲಿಗಿದ್ದ ಭಾಗ್ಯ

ಈ ಕಾಯಿಲೆಗೆ ಮದ್ದು ಇಲ್ಲವೇ? ಇದೆ. ಅದೂ ಹಳೆಯದು.

ಮೊದಲು ಆಂಜಿಯೋಗ್ರಾಮನ್ನು ತೆಗೆಯುತ್ತಿದ್ದದ್ದು 35 ಮಿಲಿಮೀಟರ್ ಫಿಲ್ಮಿನ ಮೇಲೆ. ಟೂರಿಂಗ್ ಟಾಕೀಸಿನಲ್ಲಿ ಓಡುತ್ತಿದ್ದ ರೀಲಿನ ಅಗಲವೇ. ತೊಳೆಯಬೇಕು, ಒಣಗಿಸಬೇಕು, ಡಬ್ಬಿಯಲ್ಲಿಡಬೇಕು, ರಗಳೆ ಬಹಳ. ಆದರೆ ಒಂದು ಸುಖ ಇತ್ತು. ಯಾವ ಆಸ್ಪತ್ರೆಯ ಫಿಲ್ಮನ್ನು ಯಾವ ಆಸ್ಪತ್ರೆಯ ಪ್ರೊಜೆಕ್ಟರಿಗೆ ಹಾಕಿದರೂ ಓಡುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಆ ಸುಖ ಹೋಯಿತು. ಒಂದೊಂದು ಕಂಪನಿಯದು ಒಂದೊಂದು ಲಿಪಿ. ಅವರ ಚಿತ್ರ ಇವರ ಪರದೆಯಲ್ಲಿ ತೆರೆಯದು.

ಅಮೆರಿಕದ ಕ್ಷಕಿರಣ ತಜ್ಞರೂ ಯಂತ್ರ ತಯಾರಕರೂ ಕೂತು 1985ರಲ್ಲಿ ಎಲ್ಲರಿಗೂ ಒಂದೇ ಲಿಪಿಯ ಮೊದಲ ಕರಡು ಹೊರತಂದರು. 1993ರಲ್ಲಿ ಅದಕ್ಕೆ ಡೈಕಾಮ್ ಎಂಬ ಹೆಸರು ಬಂತು. 1990ರ ದಶಕದ ನಡುವಿಗೆ ಹೃದ್ರೋಗ ತಜ್ಞರ ಅಮೆರಿಕನ್ ಸಂಸ್ಥೆಯೂ ಕೈಜೋಡಿಸಿ, ಆಂಜಿಯೋಗ್ರಾಮ್ ಸಿ.ಡಿ. ಎಲ್ಲಿ ಹಾಕಿದರೂ ತೆರೆಯುವಂತೆ ಮಾಡಿತು. ಚಿತ್ರಕ್ಕೆ ಡೈಕಾಮ್ ಆದರೆ, ಹೆಸರು, ಆದೇಶ, ವರದಿಗಳ ಓಡಾಟಕ್ಕೆ ಎಚ್.ಎಲ್.-7 ಎಂಬ ಇನ್ನೊಂದು ಒಪ್ಪಂದ. ಅದು ಶುರುವಾದದ್ದು 1987ರಲ್ಲಿ. ಇವೆರಡನ್ನೂ ಹೊಂದಿಸಿ ಆಸ್ಪತ್ರೆಯ ದಿನನಿತ್ಯದ ಕೆಲಸ ಯಾವ ಕ್ರಮದಲ್ಲಿ ನಡೆಯಬೇಕು ಎಂದು ಹೇಳುವ ಐ.ಎಚ್.ಇ. ಎಂಬ ಕಟ್ಟಳೆ 1990ರ ದಶಕದ ಕೊನೆಗೆ ಬಂತು. ಹೃದ್ರೋಗಕ್ಕೆ ಬೇರೆ ಅಧ್ಯಾಯವೇ ಇದೆ.

ಬೇರೆ ಅಧ್ಯಾಯ ಏಕೆ ಬೇಕಾಯಿತು? ಮೂಳೆಯ ಎಕ್ಸ್‌ರೇ ನಿಂತ ಚಿತ್ರ, ಹೃದಯದ್ದು ಓಡುವ ಚಿತ್ರ. ಸೆಕೆಂಡಿಗೆ 15 ಚಿತ್ರದಂತೆ 5 ಸೆಕೆಂಡು ತೆಗೆದರೆ 75 ಚಿತ್ರ. ಸಾಮಾನ್ಯ ಅಳತೆಯಲ್ಲಿ ಇಷ್ಟಕ್ಕೇ ಸುಮಾರು 20 ಮೆಗಾಬೈಟ್. ಇಂಥ ಹತ್ತು ಓಟ ತೆಗೆದರೆ 200. ಅದರ ಜೊತೆ ಒತ್ತಡದ ಗೆರೆ, ಇ.ಸಿ.ಜಿ. ಗೆರೆ, ಎಕೋ ಅಳತೆ, ಹಾಕಿದ ಸ್ಟೆಂಟಿನ ಉದ್ದ ಅಗಲ. ಇಷ್ಟೂ ಒಂದೇ ಹೆಸರಿನ ಕೆಳಗೆ ಕೂಡಬೇಕು. ಅದೂ ಅಲ್ಲದೆ, ಎಚ್ಚರವಿಲ್ಲದೆ ಬಂದ ರೋಗಿಯ ಹೆಸರು ಹೇಳುವವರೇ ಇರುವುದಿಲ್ಲ. ಮೊದಲು ತಾತ್ಕಾಲಿಕ ನಂಬರಿನಲ್ಲಿ ಜೀವ ಉಳಿಸಿ, ಮನೆಯವರು ಬಂದ ಮೇಲೆ ಎಲ್ಲ ಚಿತ್ರಗಳನ್ನೂ ಸರಿಯಾದ ಹೆಸರಿಗೆ ವರ್ಗಾಯಿಸಬೇಕು. ಆ ಕಟ್ಟಳೆಯಲ್ಲಿ ಇದಕ್ಕೂ ದಾರಿ ಬರೆದಿಟ್ಟಿದ್ದಾರೆ.

ಸರಿಯಾಗಿ ಜೋಡಿಸಿದ ಆಸ್ಪತ್ರೆಯಲ್ಲಿ ಕೆಲಸ ಹೇಗೆ ನಡೆಯುತ್ತದೆ ಅಂದರೆ: ಚೀಟಿ ಬರೆಯುವಲ್ಲಿ ಹೆಸರು ಒಂದೇ ಸಲ ದಾಖಲು. ಡಾಕ್ಟರು ಎಕೋ ಬೇಕು ಅಂತ ಒತ್ತಿದರೆ ಎಕೋ ಯಂತ್ರದ ಪರದೆಯಲ್ಲೇ ಆ ಹೆಸರು ಪಟ್ಟಿಯಾಗಿ ಬರುತ್ತದೆ. ಅಲ್ಲಿಯವರು ಹೆಸರು ಕುಟ್ಟುವುದಿಲ್ಲ, ಆರಿಸುತ್ತಾರೆ. ಪರೀಕ್ಷೆ ಮುಗಿದೊಡನೆ ಚಿತ್ರ, ಅಳತೆ ಎರಡೂ ತಾವಾಗಿ ಸಾಮಾನ್ಯ ಉಗ್ರಾಣಕ್ಕೆ. ವಾರ್ಡಿನಲ್ಲಿ, ಕ್ಯಾತ್‌ಲ್ಯಾಬಿನಲ್ಲಿ, ತುರ್ತು ಘಟಕದಲ್ಲಿ, ಎಲ್ಲಿ ನಂಬರು ಒತ್ತಿದರೂ ಹೋದ ವರ್ಷದ್ದು ಎಡಕ್ಕೆ, ಇವತ್ತಿನದು ಬಲಕ್ಕೆ. ಇಷ್ಟೇ. ಮಾಟವೂ ಇಲ್ಲ, ಮಂತ್ರವೂ ಇಲ್ಲ.

ತಂತಿ ಎಳೆದು 120 ವರ್ಷ ಆಯಿತು

ಹೃದಯದ ಸುದ್ದಿಯನ್ನು ದೂರಕ್ಕೆ ಕಳಿಸುವುದು ಹೊಸ ಆಟ ಅಂದುಕೊಂಡವರು ಹಾಲೆಂಡಿನ ಐಂಥೋವನ್ನರ ಕಥೆ ಕೇಳಬೇಕು. ಇ.ಸಿ.ಜಿ. ಯಂತ್ರ ಕಟ್ಟಿದ ಪುಣ್ಯಾತ್ಮ ಅವರೇ. ಆ ಯಂತ್ರ ಆಸ್ಪತ್ರೆಗೆ ಹೊತ್ತುಕೊಂಡು ಹೋಗಲಾರದಷ್ಟು ಭಾರ. ರೋಗಿಯನ್ನು ತರುವಂತಿಲ್ಲ, ಯಂತ್ರ ಒಯ್ಯುವಂತಿಲ್ಲ. 1905ರಲ್ಲಿ ಅವರು ಲೈಡನ್ ಊರಿನ ಆಸ್ಪತ್ರೆಯಿಂದ ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯ ಮೂಲಕವೇ ರೋಗಿಯ ಎದೆಬಡಿತ ತರಿಸಿಕೊಂಡರು.

ನಮ್ಮ ಕಡೆಯೂ ಕೈಕಟ್ಟಿ ಕೂತಿಲ್ಲ. 2002ರಲ್ಲೇ ಇಸ್ರೋ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಯಿತು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಹಳ್ಳಿಯ ಆಸ್ಪತ್ರೆಗಳಿಗೆ ಇ.ಸಿ.ಜಿ. ಯಂತ್ರ ಒದಗಿಸಿ, ವಾಟ್ಸಾಪಿನಲ್ಲಿ ಕಳಿಸಿದ ಇ.ಸಿ.ಜಿ.ಗೆ ಸಲಹೆ ಕೊಡುವ ಏರ್ಪಾಡು ಶುರು ಮಾಡಿದರು. 2021ರಲ್ಲಿ ತೀರಿಹೋದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇ.ಸಿ.ಜಿ. ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗುತ್ತದೆ. ಹೊರಗೆ ಕೊಂಡರೆ ಹತ್ತಾರು ಸಾವಿರ ಬೀಳುವ ಗೆಡ್ಡೆ ಕರಗಿಸುವ ಇಂಜೆಕ್ಷನ್ ಅಲ್ಲೇ ಪುಕ್ಕಟೆ ಸಿಗುತ್ತದೆ. ಹಾಸನದಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಬೆಂಗಳೂರಿಗೆ ಸುಮಾರು 185. ಸಕಲೇಶಪುರದ ಘಾಟಿ ಅಂಚಿನ ತೋಟದವರಿಗೆ ಇನ್ನೂ ದೂರ. ಇಂಥ ಕಡೆ ಇದು ಬದುಕಿಸುವ ಯೋಜನೆ, ಅನುಮಾನವಿಲ್ಲ.

ಆದರೆ ತುರ್ತಿನ ಇ.ಸಿ.ಜಿ. ಹೋಗಿ ತಲುಪುವುದು ಅರ್ಧ ಕೆಲಸ. ವಾಟ್ಸಾಪಿನಲ್ಲಿ ಬಂದ ಚಿತ್ರಕ್ಕೆ ರೋಗಿಯ ನಂಬರಿಲ್ಲ. ಡಾಕ್ಟರು ಫೋನು ಬದಲಿಸಿದರೆ ಅದೂ ಹೋಯಿತು. ಅಲ್ಲಿಂದ ಮುಂದಿನ ಆಂಜಿಯೋಗ್ರಾಮ್, ಸ್ಟೆಂಟು, ಆರು ತಿಂಗಳ ಮೇಲಿನ ಎಕೋ, ಇವೆಲ್ಲ ಅದೇ ನೂಲಿನಲ್ಲಿ ಪೋಣಿಸಿಕೊಳ್ಳಬೇಕು. ಸ್ಟೆಂಟ್ ಹಾಕಿಸಿಕೊಂಡ ಕೆಲವೇ ದಿನಕ್ಕೆ ಹಲ್ಲು ಕೀಳಿಸಲು ಹೋದವನಿಗೆ ‘ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಿ ಬಾ’ ಎಂದು ಯಾರಾದರೂ ಹೇಳಿದರೆ, ಅವನು ನಿಲ್ಲಿಸಿದರೆ, ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೆ ಬರಬಹುದು. ಸ್ಟೆಂಟ್ ಹಾಕಿದ ತಾರೀಕು ಹಲ್ಲಿನ ಡಾಕ್ಟರಿಗೆ ಕಂಡಿದ್ದರೆ ಆ ಮಾತೇ ಹೊರಡುತ್ತಿರಲಿಲ್ಲ.

ಕೇಂದ್ರ ಸರ್ಕಾರ 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಶುರು ಮಾಡಿ 14 ಅಂಕಿಯ ‘ಆಭಾ’ ನಂಬರು ಕೊಡುತ್ತಿದೆ. ನೂಲು ಬಂದಿದೆ, ಮಣಿ ಪೋಣಿಸುವುದು ಬಾಕಿ. ರೋಗಿಗೆ ನಂಬರಿದ್ದು ಎಕೋ ಯಂತ್ರಕ್ಕೆ ಆ ನಂಬರು ಗೊತ್ತಿಲ್ಲದಿದ್ದರೆ ಏನು ಬಂತು?

ಟೆಂಡರಿನಲ್ಲಿ ಒಂದು ಸಾಲು

ಗುಟ್ಟು ಇರುವುದು ಇಲ್ಲಿ. ಹೊಸ ಯಂತ್ರ ಕೊಂಡರೆ ಫೋಟೋ ಉಂಟು, ಟೇಪು ಕತ್ತರಿಸುವ ಸಮಾರಂಭ ಉಂಟು. ಇದ್ದ ಯಂತ್ರಗಳನ್ನು ಜೋಡಿಸಿದರೆ ಯಾವ ಪುಢಾರಿಗೂ ಹಾರ ಬೀಳುವುದಿಲ್ಲ. ಹಾಗಾಗಿ ಜೋಡಿಸುವ ಕೆಲಸ ಸದಾ ಮುಂದಿನ ವರ್ಷಕ್ಕೆ.

ಡೈಕಾಮ್ ಬರುವ ಯಂತ್ರದಲ್ಲೂ ಹೆಸರಿನ ಪಟ್ಟಿ ತರಿಸಿಕೊಳ್ಳುವ ಸೌಲಭ್ಯಕ್ಕೆ ಬೇರೆ ದುಡ್ಡು ಕೇಳುವುದುಂಟು. ಕೊಳ್ಳುವಾಗ ಬರೆಸದಿದ್ದರೆ ಆಮೇಲೆ ದುಬಾರಿ. ಎಕೋ ಅಳತೆಗಳು ಚಿತ್ರದ ಜೊತೆ ಹೊರಗೆ ಬರಬೇಕು ಎಂದೂ ಬರೆಸಬೇಕು. ಗುತ್ತಿಗೆ ಮುಗಿದ ದಿನ ಹಳೆಯ ಚಿತ್ರಗಳೆಲ್ಲ ಆಸ್ಪತ್ರೆಯ ಸ್ವತ್ತಾಗಿ, ಬೇರೆಯವರೂ ತೆರೆಯಬಲ್ಲ ಲಿಪಿಯಲ್ಲಿ ವಾಪಸು ಬರಬೇಕು ಎಂಬುದು ಮೂರನೆಯ ಸಾಲು. ಅದಿಲ್ಲದಿದ್ದರೆ ಸಾವಿರಾರು ರೋಗಿಗಳ ಹೃದಯ ಕಂಪನಿಯ ಕೈಲಿ ಒತ್ತೆ!

ಎಚ್ಚರಿಕೆಯೂ ಬೇಕು. ಎಲ್ಲ ಒಂದೇ ಕಡೆ ಕೂಡಿದರೆ ಇಣುಕುವವರೂ ಕೂಡುತ್ತಾರೆ. ಹುಡುಗಿಯ ಹೃದಯದಲ್ಲಿ ತೂತಿದೆ ಎಂಬುದು ಗಂಡಿನ ಕಡೆಯವರಿಗೆ ಆಸ್ಪತ್ರೆಯ ಕಂಪ್ಯೂಟರಿನಿಂದ ಗೊತ್ತಾಗಬಾರದು. ಯಾರು, ಯಾವಾಗ, ಯಾರ ಫೈಲು ತೆರೆದರು ಎಂಬುದು ದಾಖಲಾಗಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾಯಿದೆಯೇ ಆಗಿದೆ. ಇನ್ನು ಕರೆಂಟು ಹೋದಾಗ, ‘ಸರ್ವರ್ ಡೌನ್’ ಆದಾಗ ಕೈಯಲ್ಲಿ ಬರೆದು ಕೆಲಸ ನಡೆಸುವ ಅಭ್ಯಾಸ ಉಳಿದಿರಬೇಕು. ಎದೆನೋವು ಸರ್ವರ್ ಏಳುವ ತನಕ ಕಾಯುವುದಿಲ್ಲ.

ಅಲ್ಲಿಯವರೆಗೆ ಜನ ಮಾಡಬೇಕಾದ್ದು ಇಷ್ಟು. ಇ.ಸಿ.ಜಿ. ತೆಗೆಸಿದ ದಿನವೇ ಅದರ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಸಾದಾ ಕಾಗದದ ಮೇಲೆ ಒಂದು ಜೆರಾಕ್ಸ್ ಮಾಡಿಸಿ. ಲ್ಯಾಮಿನೇಶನ್ ಬೇಡವೇ ಬೇಡ. ಸ್ಟೆಂಟ್ ಕಾರ್ಡು ಜೇಬಿನಲ್ಲಿರಲಿ. ಎಲ್ಲ ಚೀಟಿಯಲ್ಲೂ ಹೆಸರು, ಇನಿಷಿಯಲ್ಲು, ವಯಸ್ಸು ಒಂದೇ ಥರ ಬರೆಸಿ. ಮಗ ಬೆಂಗಳೂರಿನಲ್ಲಿದ್ದರೆ ಬೀರುವಿನ ಬೀಗದ ಕೈ ಊರಲ್ಲೇ ಇರಲಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿಗಳಿವೆ. ಅದರಲ್ಲಿ ಕೂರುವ ಸದಸ್ಯರು ಮುಂದಿನ ಸಭೆಯಲ್ಲಿ ಬಣ್ಣ, ಬೆಂಚು, ಫ್ಯಾನಿನ ಮಾತು ಮುಗಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಲಿ: “ಹೋದ ವರ್ಷ ಇದೇ ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಈಗ, ಇಲ್ಲೇ, ಐದು ನಿಮಿಷದಲ್ಲಿ ತೋರಿಸ್ತೀರಾ ಸಾರ್?”

ತೋರಿಸಿದರೆ ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದು. ತೋರಿಸಲಾಗದಿದ್ದರೆ ಮುಂದಿನ ಯಂತ್ರದ ಟೆಂಡರಿಗೆ ಸಹಿ ಹಾಕುವ ಮುಂಚೆ ಆ ಮೂರು ಸಾಲು ಬರೆಸಲಿ. ಅದಕ್ಕೆ ಕೋಟಿ ಬೇಡ, ಒಂದು ಪೆನ್ನು ಸಾಕು.